ಚಟ್ಟನೂಗದಿಂದ ಒಂದು ಪತ್ರ

ಕರ್ತನಲ್ಲಿ ಪ್ರಿಯರಾದ ಅಪ್ಪ, ಅಮ್ಮನಿಗೆ ನಿಮ್ಮ ಮಗನ ವಂದನೆಗಳು.

ನಾನು ಇಲ್ಲಿ ಕ್ಷೇಮ. ಕಳೆದ ಶನಿವಾರ ಈ ಊರಿನ ರಾಷ್ಟ್ರೀಯ ಸೈನಿಕ ಸ್ಮಶಾನಕ್ಕೆ ಹೋಗಿದ್ದೆ. ಎರಡನೆಯ ಮಹಾಯುದ್ಧದಲ್ಲಿ ಬಂದೂಕು ಹಿಡಿಯದೆಯೇ ಸೇವೆ ಮಾಡಿದ ಅಮೆರಿಕದ ಸೈನಿಕ ಡೆಸ್ಮಂಡ್ ಡಾಸ್ ಅವರ ಸಮಾಧಿ ಅಲ್ಲಿದೆ. ಸುತ್ತಲಿನವುಗಳಂತೆಯೇ ಅದೂ ಒಂದು ಬಿಳಿಯ ಕಲ್ಲು, ಅಕ್ಷರಗಳಿಗೆ ಮಾತ್ರ ಹೊಂಬಣ್ಣ. ಕಲ್ಲಿನ ನೆತ್ತಿಯ ಮೇಲೆ ಯಾರೋ ಇಟ್ಟುಹೋದ ನಾಲ್ಕಾರು ಚಿಲ್ಲರೆ ನಾಣ್ಯಗಳಿದ್ದವು.

1919ರಲ್ಲಿ ವರ್ಜೀನಿಯಾದ ಲಿಂಚ್‌ಬರ್ಗಿನಲ್ಲಿ ಹುಟ್ಟಿದ ಇವರ ಮನೆಯ ಗೋಡೆಯಲ್ಲಿ ದಶಾಜ್ಞೆಗಳ ಚಿತ್ರಪಟವೊಂದಿತ್ತಂತೆ. ನರಹತ್ಯೆ ಮಾಡಬಾರದೆಂಬ ಆರನೆಯ ಆಜ್ಞೆಯ ಪಕ್ಕದಲ್ಲಿ, ತಮ್ಮನಾದ ಹೇಬೆಲನನ್ನು ಕೊಂದು ನಿಂತ ಕಾಯಿನ. ಒಡಹುಟ್ಟಿದವನಿಗೆ ಹೀಗೆ ಮಾಡಲು ಕೈ ಹೇಗೆ ಬಂತು ಎಂದು ಆ ಚಿತ್ರದ ಮುಂದೆ ನಿಂತು ಕೇಳಿಕೊಂಡ ಹುಡುಗ, 1942ರಲ್ಲಿ ಸೈನ್ಯ ಸೇರಿದಾಗ ಬಂದೂಕು ಮುಟ್ಟಲು ಒಪ್ಪಲಿಲ್ಲ. ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯವರಾದ್ದರಿಂದ ಭಾನುವಾರವಲ್ಲ, ಶನಿವಾರವೇ ಅವರಿಗೆ ಸಬ್ಬತ್ತು, ಅಂದರೆ ವಿಶ್ರಾಂತಿಯ ಪವಿತ್ರ ದಿನ. (ನಮ್ಮ ಸಭೆಯ ಹಿರಿಯರು ಇದನ್ನು ಓದಿದರೆ ಒಂದು ಗಂಟೆ ವಾದ ಹೂಡುತ್ತಾರೆಂದು ಗೊತ್ತು, ಇರಲಿ.) ಜೊತೆಯವರ ಗೇಲಿಯನ್ನೂ ಮೇಲಧಿಕಾರಿಗಳ ಒತ್ತಡವನ್ನೂ ಸಹಿಸಿ, ಔಷಧದ ಚೀಲ ಹೊತ್ತ ವೈದ್ಯಕೀಯ ಸಹಾಯಕನಾಗಿಯೇ ಅವರು ಗುವಾಮ್, ಲೇಟೆ, ಕೊನೆಗೆ ಜಪಾನಿನ ಓಕಿನಾವಾ ದ್ವೀಪ ತಲುಪಿದರು.

1945ರಲ್ಲಿ ಓಕಿನಾವಾದ ಕಡಿದಾದ ಬಂಡೆಯ ಮೇಲೆ ದಳ ಹಿಮ್ಮೆಟ್ಟಿದಾಗ ಗಾಯಾಳುಗಳ ನಡುವೆ ಉಳಿದವರು ಇವರೊಬ್ಬರೇ. ಅಪ್ಪ, ನಮ್ಮ ಬಾವಿಯ ಕೆಸರು ತೆಗೆಯಲು ಆಳನ್ನು ಇಳಿಸುವಾಗ ನೀವು ಹಗ್ಗವನ್ನು ತೆಂಗಿನ ಬುಡಕ್ಕೊಂದು ಸುತ್ತು ಹಾಕಿ ಅಂಗೈ ಉರಿಯುವಂತೆ ಸಡಿಲಿಸುತ್ತಿದ್ದುದು ನೆನಪಾಯಿತು. ಅವರೂ ಮರದ ಮೋಟಿಗೆ ಹಗ್ಗ ಸುತ್ತಿ, ಎರಡು ಕುಣಿಕೆಯ ಗಂಟಿನಲ್ಲಿ ಗಾಯಾಳುವಿನ ಎರಡೂ ಕಾಲು ತೂರಿಸಿ, ಎದೆಗೊಂದು ಸುತ್ತು ಬಿಗಿದು, ಒಬ್ಬೊಬ್ಬರನ್ನೇ ಕೆಳಗಿಳಿಸಿದರು; ಪ್ರತಿಸಲವೂ ಇನ್ನೊಬ್ಬನನ್ನು ಉಳಿಸಲು ಬಲ ಕೊಡೆಂದು ಪ್ರಾರ್ಥಿಸಿದರು. ಐವತ್ತಿರಬಹುದೆಂದು ಅವರು, ನೂರಾದರೂ ಆಗಿತ್ತೆಂದು ಉಳಿದವರು. ನಡುವೆ 75 ಎಂದು ಬರೆದುಕೊಂಡರು. ಅದೇ ವರ್ಷದ ಅಕ್ಟೋಬರ್ 12ರಂದು ಅಧ್ಯಕ್ಷ ಟ್ರೂಮನ್ ಅವರಿಗೆ ಅಮೆರಿಕದ ಅತ್ಯುನ್ನತ ಸೈನಿಕ ಗೌರವವಾದ ಮೆಡಲ್ ಆಫ್ ಆನರ್ ತೊಡಿಸಿದರು.

ಜನ ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ. ನನಗೆ ಮಾತ್ರ ಅದರ ಮುಂದಿನದೇ ಹೆಚ್ಚು ಕಾಡಿತು. ಯುದ್ಧದಲ್ಲಿ ತಗುಲಿದ ಕ್ಷಯದಿಂದ ಒಂದು ಶ್ವಾಸಕೋಶವೂ ಐದು ಪಕ್ಕೆಲುಬುಗಳೂ ಹೋದವು, ಐದು ವರ್ಷಕ್ಕೂ ಮೇಲೆ ಆಸ್ಪತ್ರೆಯ ವಾಸವಾಯಿತು. 1946ರಲ್ಲಿ ಹುಟ್ಟಿದ ಒಬ್ಬನೇ ಮಗನ ಎಳವೆಯೆಲ್ಲ ಹಾಗೆಯೇ ಕಳೆಯಿತು, ಹೆಂಡತಿ ಡೋರಥಿ ದಾದಿಯಾಗಿ ದುಡಿದು ಮನೆ ನಡೆಸಿದರು. 1976ರಲ್ಲಿ ಕಿವಿ ಪೂರ್ತಿ ಹೋಯಿತು. ಶಸ್ತ್ರಚಿಕಿತ್ಸೆಯಿಂದ ಮತ್ತೆ ಕೇಳಿಸಿದ್ದು ಹನ್ನೆರಡು ವರ್ಷದ ಮೇಲೆ. 1991ರಲ್ಲಿ ಡೋರಥಿಯನ್ನು ಕ್ಯಾನ್ಸರ್ ಚಿಕಿತ್ಸೆಗೆಂದು ಕರೆದೊಯ್ಯುತ್ತಿದ್ದಾಗ ಕಾರಿನ ಅಪಘಾತದಲ್ಲಿ ಆಕೆ ತೀರಿಕೊಂಡರು. ಕಾರು ನಡೆಸುತ್ತಿದ್ದವರು ಡಾಸ್ ಅವರೇ. ಅದಾದ ಮೇಲೆಯೂ, 2006ರಲ್ಲಿ ಕಣ್ಣುಮುಚ್ಚುವವರೆಗೆ, ಆ ಮನುಷ್ಯ ಪ್ರಾರ್ಥನೆ ಬಿಡಲಿಲ್ಲ. ಬಂಡೆಯ ಮೇಲಿನ ರಾತ್ರಿಗಿಂತ ಇದೇ ಕಷ್ಟದ್ದೆಂದು ನನ್ನ ಎಣಿಕೆ.

ಅಮ್ಮ, ಇನ್ನೊಂದು ಮಾತು ನಿನಗೆಂದೇ. ಡೋರಥಿ ಕೊಟ್ಟಿದ್ದ ಪುಟ್ಟ ಸತ್ಯವೇದ ಡಾಸ್ ಗಾಯಗೊಂಡಾಗ ರಣರಂಗದಲ್ಲಿ ಬಿದ್ದುಹೋಗಿತ್ತು. ಒಂದು ಕಾಲಕ್ಕೆ ಅದೇ ಪುಸ್ತಕ ಹಿಡಿದು ಪ್ರಾರ್ಥಿಸುವವನೆಂದು ಗೇಲಿ ಮಾಡಿದ್ದ ದಳದವರೇ ಅದನ್ನು ಹುಡುಕಿ, ಅಂಚೆಯಲ್ಲಿ ಕಳಿಸಿದರು.

ಸೈನ್ಯದಲ್ಲಿದ್ದಾಗ ನಮ್ಮ ಅಜ್ಜ ಜೊತೆಗಿಟ್ಟುಕೊಂಡಿದ್ದ ಸತ್ಯವೇದ ಇನ್ನೂ ಕಪಾಟಿನ ಮೇಲ್ಗಡೆ, ಖಾಕಿ ಬಟ್ಟೆಯಲ್ಲಿ ಸುತ್ತಿಯೇ ಇದೆಯಲ್ಲವೇ? ಅದರ ಒಳಪುಟದಲ್ಲಿ ಅಜ್ಜಿ ಪೆನ್ಸಿಲಿನಲ್ಲಿ ಬರೆದ ಎರಡು ಸಾಲುಗಳಿವೆ. ಹಗಲು ಬೆಳಕಿನಲ್ಲಿ ಅದರ ಚಿತ್ರ ತೆಗೆದು ಕಳಿಸು. ಅಕ್ಷರಗಳು ಮಾಸುತ್ತಾ ಬಂದಿದ್ದವು.

ಇಂತಿ,
ನಿಮ್ಮ ಮಗ