ಮಗಳಿಗೊಂದು ಪತ್ರ: ಕಾರ್ನ್‌ವಾಲ್ ಚರ್ಚು ಮತ್ತು ನಿಮ್ಮಣ್ಣ

ಪುಟ್ಟಿ,

ನಿನ್ನ ಮದುವೆ ವಿಷಯಕ್ಕೆ ಭಾನುವಾರ ಫೋನಿನಲ್ಲಿ ನಿಮ್ಮಣ್ಣ ಆಡಿದ ಮಾತನ್ನು ಇಲ್ಲಿ ಮತ್ತೆ ಬರೆಯಲ್ಲ. ನೀನೂ ಕೇಳಿಸಿಕೊಂಡೆ, ನಾನೂ ಕೇಳಿಸಿಕೊಂಡೆ. ಆದರೆ ಅವತ್ತಿನಿಂದ ನನಗೆ ಕಾರ್ನ್‌ವಾಲ್ ತಲೆಯಲ್ಲಿ ಕೂತಿದೆ. ನಾವು ಬಂದಾಗ ನಿನ್ನ ಹುಡುಗ ಅಮೆರಿಕದ ಕನೆಕ್ಟಿಕಟ್‌ನ ಆ ಪುಟ್ಟ ಊರಿಗೆ ಕರೆದುಕೊಂಡು ಹೋಗಿ ಬಿಳಿ ಚರ್ಚು ತೋರಿಸಿದ್ದನಲ್ಲ? ಕಾಂಗ್ರಿಗೇಷನಲ್ ಚರ್ಚಿಗೆ ಮೇಲೆ ಬಿಷಪ್ ಇಲ್ಲ, ಪಾದ್ರಿ ಯಾರಾಗಬೇಕು ಅನ್ನೋದನ್ನೂ ಸಭೆಯವರೇ ಸೇರಿ ತೀರ್ಮಾನ ಮಾಡುತ್ತಾರೆ ಅಂತ ಅವನು ಹೇಳಿದಾಗ ನಿಮ್ಮಪ್ಪನಿಗೆ ತುಂಬಾ ಹಿಡಿಸಿತ್ತು. ಬಳ್ಳಾರಿಯಲ್ಲಿ ಅವರು ಓದಿದ ವಾರ್ಡ್‌ಲಾ ಶಾಲೆ ಲಂಡನ್ ಮಿಷನ್‌ನವರದು. ಆ ಮಿಷನ್‌ನಲ್ಲೂ ಹೆಚ್ಚಿನವರು ಇದೇ ಪಂಗಡದವರು.

ಊರಿಗೆ ಬಂದಮೇಲೆ ನಾನು ಕಾರ್ನ್‌ವಾಲ್ ಕಥೆ ಹುಡುಕಿ ಓದಿದೆ. 1817ರಲ್ಲಿ ಅಲ್ಲೊಂದು ಮಿಷನ್ ಶಾಲೆ ಶುರುವಾಯಿತು. ಹವಾಯಿಯಿಂದ, ಚೀನಾದಿಂದ, ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನರಿಂದ ಹುಡುಗರು ಬಂದು ಓದಿದರು. ಚರ್ಚಿನ ಜನ ಅವರಿಗೆ ಬಟ್ಟೆಬರೆ ಕೊಟ್ಟರು, ಅವರಿಗಾಗಿ ಪ್ರಾರ್ಥನೆ ಮಾಡಿದರು. ಹ್ಯಾರಿಯೆಟ್ ಗೋಲ್ಡ್ ಅನ್ನುವ ಬಿಳಿಯರ ಹುಡುಗಿ, ಆ ಶಾಲೆಯಲ್ಲಿ ಓದಿದ್ದ ಚೆರೋಕಿ ಹುಡುಗ ಇಲಿಯಾಸ್ ಬೌಡಿನಾಟ್‌ನನ್ನು ಮದುವೆಯಾಗುತ್ತೇನೆ ಅಂದಳು. ಅವಳಪ್ಪ ಚರ್ಚಿನ ಡೀಕನ್, ಅಂದರೆ ಪಾದ್ರಿಗೆ ನೆರವಾಗುವ ಹಿರಿಯ. ಮನೆಯಲ್ಲಿ ಮೊದಲು ಬೇಡ ಅಂದರು. ಮಗಳು ಕಾಯಿಲೆ ಬಿದ್ದು ಸಾಯುವ ಹಾಗಾದ ಮೇಲೆ ಒಪ್ಪಿದರು. 1825ರಲ್ಲಿ ವಿಷಯ ಹೊರಬಿದ್ದಾಗ ಊರು ಮಾತ್ರ ತಿರುಗಿಬಿತ್ತು.

ಚರ್ಚಿನಲ್ಲಿ ಅವಳ ಜೊತೆ ಹಾಡುತ್ತಿದ್ದ ಹುಡುಗಿಯರು ಬಿಳಿ ಉಡುಪು ಹಾಕಿಕೊಂಡು, ತೋಳಿಗೆ ಸೂತಕದ ಕಪ್ಪುಪಟ್ಟಿ ಕಟ್ಟಿಕೊಂಡು ಬಂದರು. ಒಂದು ಸಂಜೆ ಅವಳ ಪ್ರತಿಕೃತಿ, ಅವನ ಪ್ರತಿಕೃತಿ ಮಾಡಿ ಊರ ನಡುವೆ ಸುಟ್ಟರು. ಚರ್ಚಿನ ಗಂಟೆ ಸಾವಿನ ಗಂಟೆಯಂತೆ ಹೊಡೆಯುತ್ತಿತ್ತು. ಅವಳು ಇನ್ನೊಬ್ಬರ ಮನೆಯಲ್ಲಿ ಅಡಗಿಕೊಂಡು ಕಿಟಕಿಯಿಂದ ನೋಡುತ್ತಿದ್ದಳು. ಟಾರಿನ ಪೀಪಾಯಿಗೆ ಬೆಂಕಿ ಇಟ್ಟವನು ಸ್ಟೀಫನ್. ಅವಳ ಒಡಹುಟ್ಟಿದವನು.

ಬೀದಿಯಲ್ಲಿ ಹೋಗುವ ಯಾರೋ ಅಲ್ಲ ಪುಟ್ಟಿ. ಅವಳ ಜೊತೆ ಒಂದೇ ಮನೆಯಲ್ಲಿ ಉಂಡು ಬೆಳೆದವನು. ಅವನಿಗೆ ಅವಳ ಮೇಲೆ ಪ್ರೀತಿ ಇರಲಿಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ. ನನ್ನ ಭಯವೇ ಅದು. ಪ್ರೀತಿ ಇರುವವನೂ ನಾಲ್ಕು ಜನರ ಮುಂದೆ ಮರ್ಯಾದೆ ಹೋಗುತ್ತೆ ಅಂತ ಹೆದರಿದರೆ ಬೆಂಕಿ ಇಟ್ಟುಬಿಡುತ್ತಾನೆ. ಆ ರಾತ್ರಿ ಮನೆಗೆ ಬಂದ ಮಗನಿಗೆ ಆ ತಾಯಿ ಹೇಗೆ ಊಟ ಬಡಿಸಿದಳೋ! ಇದನ್ನೇ ಯೋಚಿಸುತ್ತಾ ಎಷ್ಟೋ ಹೊತ್ತು ನಿದ್ದೆ ಬರಲ್ಲ. ನಿಮ್ಮಣ್ಣ ನಿನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಟ್ಯೂಷನ್‌ಗೆ ಬಿಡುತ್ತಿದ್ದವನು. ಅವನ ಮಾತಿಗೆ ನಾನು ನಿನ್ನ ಹತ್ತಿರ ಕ್ಷಮೆ ಕೇಳುತ್ತೇನೆ. ಅವನನ್ನು ಬಿಟ್ಟುಕೊಡು ಅಂತ ಮಾತ್ರ ನನಗೆ ಹೇಳಬೇಡ.

1826ರಲ್ಲಿ ಅವರ ಮದುವೆ ಆಯಿತು. ಶಾಲೆ ಅದೇ ವರ್ಷ ಮುಚ್ಚಿತು. 1829ರಲ್ಲಿ ಆ ಡೀಕನ್ನೂ ಅವನ ಹೆಂಡತಿಯೂ ಕುದುರೆಗಾಡಿ ಕಟ್ಟಿಕೊಂಡು, ಜಾರ್ಜಿಯಾದ ನ್ಯೂ ಎಕೋಟಾದಲ್ಲಿದ್ದ ಮಗಳ ಮನೆಗೆ ಹೋದರು. ಅಳಿಯ ಆಗ ಚೆರೋಕಿ ಫೀನಿಕ್ಸ್ ಪತ್ರಿಕೆಯ ಸಂಪಾದಕ. ಮಗಳ ಸಂಸಾರ ನೋಡಿ ಮುದುಕ ಖುಷಿಯಿಂದ ಕಾಗದ ಬರೆದನಂತೆ.

ನೀನು ಕಾಯಿಲೆ ಬೀಳೋವರೆಗೆ ನಾವು ಕಾಯಲ್ಲ. ನಿಮ್ಮಪ್ಪ ಬಾಯಿಬಿಟ್ಟು ಹೇಳಿಲ್ಲ, ಆದರೆ ನಿನ್ನೆ ಬೀರುವಿನಿಂದ ಪಾಸ್‌ಪೋರ್ಟ್ ತೆಗೆದು ತಾರೀಖು ನೋಡುತ್ತಿದ್ದರು. ನೀನು ಅಂಜದೆ, ಅಳದೆ, ನೇರವಾಗಿ ಮಾತಾಡಿದ್ದು ಅವರಿಗೂ ಹೆಮ್ಮೆಯೇ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸಿಟ್ಟಿನಲ್ಲಿ ಅಣ್ಣನಿಗೆ ಮೆಸೇಜ್ ಕಳಿಸಬೇಡ. ಮದುವೆ ಆದಮೇಲೂ ಸಂಬಳ ನಿನ್ನ ಖಾತೆಗೇ ಬರಲಿ. ಅವರ ಮನೆಯವರು ಚರ್ಚಿಗೆ ಕರೆದರೆ ಹೋಗು, ಅದರಲ್ಲಿ ತಪ್ಪಿಲ್ಲ. ನಿನ್ನ ದೇವರಿಗೆ ದೀಪ ಹಚ್ಚುವುದನ್ನು ಬಿಡಬೇಡ. ಯಾರಾದರೂ ಅದಕ್ಕೆ ಏನಾದರೂ ಅಂದರೆ ಸುಮ್ನೆ ನುಂಗಿಕೊಳ್ಳಬೇಡ, ಅಲ್ಲೇ ಹೇಳು.

ತಾರೀಖು ಗೊತ್ತಾದ ಕೂಡಲೇ ಫೋನ್ ಮಾಡು, ಕೊನೆಗಳಿಗೆಯಲ್ಲಿ ಟಿಕೆಟ್ ರೇಟು ಜಾಸ್ತಿ ಆಗುತ್ತೆ. ಅಣ್ಣನ ಹತ್ತಿರ ನಾನೇ ಮಾತಾಡುತ್ತೇನೆ. ಮೂರು ಟಿಕೆಟ್ ಬೇಕು ಅಂತಲೇ ನಿಮ್ಮಪ್ಪನಿಗೆ ಹೇಳಿದ್ದೇನೆ.

ನಿನ್ನ ಅಮ್ಮ