ಗೃಹ ಸಚಿವರೇ, ಕಮಿಷನರ್‌ಗೆ ಎರಡು ವರ್ಷ ಕೊಡಿ

ಮಾನ್ಯ ಗೃಹ ಸಚಿವರಿಗೆ ನಮಸ್ಕಾರ.

ನಾನು ನಿವೃತ್ತ ಶಾಲಾ ಶಿಕ್ಷಕಿ. ವಯಸ್ಸು 69. ನನ್ನ ಕೋರಿಕೆ ಒಂದೇ. ಬೆಂಗಳೂರಿನ ಪೊಲೀಸ್ ಕಮಿಷನರ್ ಕುರ್ಚಿಯಲ್ಲಿ ಯಾರನ್ನಾದರೂ ಕೂರಿಸಿ, ಆದರೆ ಎರಡು ವರ್ಷ ಎಬ್ಬಿಸಬೇಡಿ.

ಕಮಿಷನರ್ ವರ್ಗವಾದರೆ ಈ ಅಜ್ಜಿಗೇನು ಕಷ್ಟ ಅಂತ ನಿಮಗೆ ಅನ್ನಿಸಬಹುದು. ಹೇಳ್ತೀನಿ.

2019ರ ಫೆಬ್ರವರಿ. ಬೆಳಗ್ಗೆ ಆರೂವರೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದೆ. ಬೈಕಿನಲ್ಲಿ ಇಬ್ಬರು ಬಂದರು. ಹಿಂದೆ ಕೂತವನು ‘ಅಮ್ಮಾ, ಹನ್ನೊಂದನೇ ಕ್ರಾಸ್ ಎಲ್ಲಿ ಬರುತ್ತೆ?’ ಅಂದ. ಎದ್ದು ಕೈ ತೋರಿಸಿದೆ. ಕತ್ತಿಗೆ ಕೈ ಹಾಕಿ ಎಳೆದ. ಎರಡೆಳೆ ಅವಲಕ್ಕಿ ಸರ, ನನ್ನ ಮದುವೆಗೆ ಅಮ್ಮ ಹಾಕಿದ್ದು. ಕತ್ತಿನ ಗಾಯ ಮಾಯಲು ಮೂರು ವಾರ ಹಿಡಿಯಿತು. ರಂಗೋಲಿ ಡಬ್ಬಿ ಉರುಳಿ ಬಿದ್ದಿದ್ದು ಮಾತ್ರ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎಫ್‌ಐಆರ್ ಆಯಿತು. ಮಹಜರೂ ಆಯಿತು. ಆಗಿದ್ದ ಇನ್‌ಸ್ಪೆಕ್ಟರ್ ಒಳ್ಳೆಯವರು, ಸುಳ್ಳು ಹೇಳಬಾರದು. ‘ಸರದ ಗುರುತಿಗೆ ಫೋಟೋ ಇದ್ದರೆ ಕೊಡಿ’ ಅಂದರು. ಗೋಡೆಯ ಮೇಲಿದ್ದ ಮದುವೆ ಫೋಟೋನ ಫ್ರೇಮಿನಿಂದ ಬಿಚ್ಚಿ ಕೊಟ್ಟೆ. 1979ರದ್ದು. ನಮ್ಮೆಜಮಾನರು ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ಇದ್ದದ್ದು ಅದೊಂದೇ ಪ್ರತಿ.

ಅಷ್ಟರಲ್ಲಿ ಬದಲಾವಣೆ ಶುರುವಾಯಿತು. ಜೂನ್‌ನಲ್ಲಿ ಸುನೀಲ್ ಕುಮಾರ್ ಹೋಗಿ ಅಲೋಕ್ ಕುಮಾರ್ ಕಮಿಷನರ್ ಆದರು. ಜುಲೈನಲ್ಲಿ ಸರ್ಕಾರ ಬಿತ್ತು. ಆಗಸ್ಟ್ ಶುರುವಿನಲ್ಲೇ ಅವರನ್ನೂ ಎತ್ತಿ ಭಾಸ್ಕರ್ ರಾವ್ ಅವರನ್ನು ತಂದರು. ಅಲೋಕ್ ಕುಮಾರ್‌ಗೆ ಎರಡು ತಿಂಗಳೂ ತುಂಬಲಿಲ್ಲ. ನಮ್ಮನೇಲಿ ಉಪ್ಪಿನಕಾಯಿ ಭರಣಿ ಅದಕ್ಕಿಂತ ಜಾಸ್ತಿ ದಿನ ಒಂದೇ ಕಡೆ ಇರುತ್ತೆ. ಅದೇ ಹೊತ್ತಿಗೆ ನಮ್ಮ ಠಾಣೆಯ ಇನ್‌ಸ್ಪೆಕ್ಟರ್‌ಗೂ ವರ್ಗವಾಯಿತು.

ಹೊಸಬರು ‘ಏನಮ್ಮ ವಿಷಯ, ಮೊದಲಿಂದ ಹೇಳಿ’ ಅಂದರು. ಮೊದಲಿಂದ ಹೇಳಿದೆ. 2020ರ ಆಗಸ್ಟ್‌ನಲ್ಲಿ ಕಮಲ್ ಪಂತ್, 2022ರ ಮೇನಲ್ಲಿ ಪ್ರತಾಪ್ ರೆಡ್ಡಿ. 2023ರಲ್ಲಿ ಮತ್ತೆ ಸರ್ಕಾರ ಬದಲಾಯಿತು, ದಯಾನಂದ ಬಂದರು. ಈ ನಡುವೆ ನಮ್ಮ ಠಾಣೆಯಲ್ಲೂ ಇನ್ನಷ್ಟು ಜನ ಬಂದು ಹೋದರು. ಎಲ್ಲರಿಗೂ ಮೊದಲಿಂದಲೇ ಹೇಳಿದೆ. ಹನ್ನೊಂದನೇ ಕ್ರಾಸ್ ಕಥೆ ಈಗ ಮಗ್ಗಿಯ ಹಾಗೆ ಬಾಯಿಗೆ ಬರುತ್ತೆ. ಇನ್‌ಸ್ಪೆಕ್ಟರ್ ಕೋಣೆಯ ಗೋಡೆಯಲ್ಲಿ ಹಿಂದಿನವರ ಹೆಸರಿನ ಬೋರ್ಡ್ ಇದೆ. ಕಾಯುತ್ತಾ ಕೂತಾಗ ಓದುತ್ತೇನೆ. ಜಾಗ ಮುಗಿದು ಪಕ್ಕದಲ್ಲಿ ಎರಡನೇ ಬೋರ್ಡ್ ಹಾಕಿದ್ದಾರೆ. ಆ ಪೇಂಟರ್‌ಗೊಬ್ಬನಿಗೆ ಕೆಲಸ ಕಾಯಂ.

ಒಂದು ದಿನ ಕೇಳಿದೆ, ಸರ ಹೋಗಲಿ ಸಾರ್, ನನ್ನ ಫೋಟೋ? ರೈಟರ್ ಬೀರು ತೆಗೆದು ಹುಡುಕಿದರು. ಇರಲಿಲ್ಲ. ಕೇಸಿಗೆ ‘ಸಿ ರಿಪೋರ್ಟ್’ ಹಾಕಿದ್ದಾರೆ, ಕಳ್ಳ ಸಿಗಲಿಲ್ಲ ಅಂತ ಮುಚ್ಚಿದ್ದಾರೆ ಎಂದು ಗೊತ್ತಾಗಿದ್ದೂ ಅವತ್ತೇ. ‘ಇನ್ನೊಂದು ಕಾಪಿ ಇಲ್ವಾಮ್ಮ?’ ಅಂದರು. 1979ರಲ್ಲಿ ಹಳ್ಳಿಯ ಮದುವೆಗೆ ಎಷ್ಟು ಕಾಪಿ ತೆಗೆಸುತ್ತಿದ್ದರು ಸ್ವಾಮಿ? ಸರ ಕದ್ದವನು ಕಳ್ಳ. ಫೋಟೋ ಕಳೆದವರನ್ನು ಏನನ್ನಲಿ?

ಸುಪ್ರೀಂ ಕೋರ್ಟು 2006ರಲ್ಲೇ ಪ್ರಕಾಶ್ ಸಿಂಗ್ ಕೇಸಿನಲ್ಲಿ ಡಿಜಿಪಿಯಿಂದ ಹಿಡಿದು ಜಿಲ್ಲಾ ಎಸ್‌ಪಿ, ಠಾಣಾಧಿಕಾರಿವರೆಗೆ ಕನಿಷ್ಠ 2 ವರ್ಷ ಎಂದು ಹೇಳಿದ್ದು ನಿಮಗೆ ಗೊತ್ತೇ ಇರುತ್ತೆ. ಅದನ್ನು ನಾನು ಬಿಡಿಸಿ ಹೇಳಬೇಕಾ?

ಆ ಕುರ್ಚಿಯಿಂದ ಯಾರೂ ಮೇಲೇರಬಾರದು ಅಂತ ನಾನು ಹೇಳ್ತಿಲ್ಲ. ಪ್ರವೀಣ್ ಸೂದ್ 2017ರಲ್ಲಿ ಅಲ್ಲಿ ಏಳೇ ತಿಂಗಳು ಇದ್ದರು. ಮುಂದೆ ಡಿಜಿಪಿಯಾದರು, 2023ರಲ್ಲಿ ಸಿಬಿಐ ನಿರ್ದೇಶಕರಾದರು. ಸಂತೋಷ. ಭಾಸ್ಕರ್ ರಾವ್ ಒಂದು ವರ್ಷ ಇದ್ದರು. ಆಮೇಲೆ ಕೆಲಸ ಬಿಟ್ಟು ರಾಜಕೀಯಕ್ಕೆ ಹೋದರು. ಅದೂ ಅವರಿಷ್ಟ. ಆದರೆ ಏಳು ತಿಂಗಳಲ್ಲಿ, ಒಂದು ವರ್ಷದಲ್ಲಿ ಈ ಊರು ಯಾರಿಗೆ ಅರ್ಥವಾಗುತ್ತೆ?

ಎರಡು ವರ್ಷ ತುಂಬಿದವರು ದಯಾನಂದ. ಅವರಿಗೇನು ಮಾಡಿದಿರಿ? 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತವಾಗಿ 11 ಜನ ಸತ್ತರು. ಆ ಮಕ್ಕಳ ಮುಖ ನೆನೆದರೆ ಅನ್ನ ಇಳಿಯುವುದಿಲ್ಲ. ಮಾರನೇ ದಿನವೇ ಕಮಿಷನರ್ ಅಮಾನತು! ವಿಚಾರಣೆ ಮುಗಿಯುವ ಮೊದಲೇ. ಜುಲೈನಲ್ಲಿ ಆ ಅಮಾನತೂ ವಾಪಸ್. ತಪ್ಪಿದ್ದರೆ ಯಾಕೆ ವಾಪಸ್ ತೆಗೆದುಕೊಂಡಿರಿ, ತಪ್ಪಿಲ್ಲದಿದ್ದರೆ ಯಾಕೆ ಕಳಿಸಿದಿರಿ? ಆ ಜೂನ್‌ನಲ್ಲೇ ಸೀಮಂತ್ ಕುಮಾರ್ ಸಿಂಗ್ ಬಂದರು. ನಾನು ಸರ ಕಳೆದುಕೊಂಡ ದಿನದಿಂದ ಎಣಿಸಿದರೆ ಅವರು ಏಳನೆಯವರು.

ನಾನು 31 ವರ್ಷ ಪಾಠ ಮಾಡಿದವಳು. ವರ್ಷದ ಮಧ್ಯೆ ಮೇಷ್ಟ್ರನ್ನು ಬದಲಾಯಿಸಿದರೆ ಹೊಸಬರು ಮತ್ತೆ ಮೊದಲನೇ ಪಾಠ ತೆಗೀತಾರೆ. ಪರೀಕ್ಷೆ ಮಾತ್ರ ಮುಂದೆ ಹೋಗುವುದಿಲ್ಲ. ಇಷ್ಟು ನಮ್ಮ ಬಿಇಒಗೂ ಗೊತ್ತಿತ್ತು.

ಎರಡು ವರ್ಷ ಕೊಡಿ. ಸರ್ಕಾರ ಬದಲಾದರೂ ಎತ್ತುವುದಿಲ್ಲ ಎಂದು ಬರೆದು ಕೊಡಿ. ಠಾಣೆಯ ಇನ್‌ಸ್ಪೆಕ್ಟರ್‌ಗಳಿಗೂ ಅಷ್ಟೇ, ಎರಡು ವರ್ಷ. ಕೈ ಮುಗಿದು ಕೇಳ್ತೀನಿ, ಎರಡೇ ವರ್ಷ.

ಸರದ ಆಸೆ ಬಿಟ್ಟಿದ್ದೇನೆ. ಯಾವುದಾದರೂ ಬೀರುವಿನಲ್ಲಿ ಹಳೇ ಕಪ್ಪು ಬಿಳುಪು ಫೋಟೋ ಸಿಕ್ಕರೆ ಕಳಿಸಿಕೊಡಲು ಹೇಳಿ. ಹುಡುಗಿ ತಲೆ ತಗ್ಗಿಸಿದ್ದಾಳೆ, ಹುಡುಗ ಕ್ಯಾಮೆರಾ ಬಿಟ್ಟು ಬೇರೆಲ್ಲೋ ನೋಡುತ್ತಿದ್ದಾನೆ.

ಇಂತಿ,
ನಿವೃತ್ತ ಶಿಕ್ಷಕಿ, ಬೆಂಗಳೂರು