ಕಲಾಕೃತಿ ಪಕ್ಕದ ಚೀಟಿ ಅರ್ಥ ಆಗ್ಬೇಕು

ಮಾನ್ಯರೇ,

ಸಮಕಾಲೀನ ಕಲೆಯ ಮ್ಯೂಸಿಯಂಗೆ ಹೋಗೋ ನಮ್ಮಂಥ ಸಾಮಾನ್ಯ ಜನಕ್ಕೆ ಕಲಾಕೃತಿಗಿಂತ ಅದರ ಪಕ್ಕ ಅಂಟಿಸಿರೋ ಚೀಟಿನೇ ದೊಡ್ಡ ಒಗಟು. ಮೊನ್ನೆ ಸುಮ್ನೆ ಟೈಮ್ ಪಾಸ್‌ಗೆ ಅಂತ ಒಂದು ಮ್ಯೂಸಿಯಂಗೆ ಹೋಗಿದ್ದೆ, ಒಂದು ರೂಮಲ್ಲಿ ನೆಲದ ಮೇಲೆ ತುಕ್ಕು ಹಿಡಿದ ತಂತಿ ರಾಶಿ, ಪಕ್ಕದಲ್ಲಿ 'ಶೀರ್ಷಿಕೆ ಇಲ್ಲ, ಮಿಶ್ರ ಮಾಧ್ಯಮ' ಅಂತ ಅಷ್ಟೇ, ನಾನು ರಿಪೇರಿಯವರು ಬಿಟ್ಟುಹೋದ ಸಾಮಾನು ಅನ್ಕೊಂಡು ದಾಟೋಕೆ ಹೊರಟೆ, ಗಾರ್ಡ್ ಓಡಿ ಬಂದು ತಡೆದ್ರು. ಪಾಪ, ಅವರಿಗೆ ಇದು ದಿನಾ ಇದ್ದದ್ದೇ ಅನ್ಸುತ್ತೆ. ಆಮೇಲೆ ಅವರೇ, 'ಸಾರ್, ಆ ಗೋಡೆ ನೋಡಿ' ಅಂದ್ರು. ನೋಡಿದ್ರೆ ತಂತಿಯ ನೆರಳು ಥೇಟ್ ಒಬ್ಬ ಮುದುಕಿ ಮುಖ! ಹತ್ತು ನಿಮಿಷ ಅಲ್ಲೇ ನಿಂತುಬಿಟ್ಟೆ.

ಇನ್ನೊಂದು, 1917ರಲ್ಲಿ ಮಾರ್ಸೆಲ್ ದುಶಾಂಪ್ ಅನ್ನೋ ಫ್ರೆಂಚ್ ಕಲಾವಿದ ಅಂಗಡೀಲಿ ಸಿಗೋ ಮೂತ್ರದ ಬೇಸಿನ್‌ಗೆ 'ಆರ್. ಮಟ್' ಅಂತ ಸುಳ್ಳು ಹೆಸರಲ್ಲಿ ಸೈನ್ ಹಾಕಿ ಪ್ರದರ್ಶನಕ್ಕೆ ಕಳಿಸಿದ್ದು, ಕಲೆ ಅಂದ್ರೆ ಕೈಚಳಕನಾ ಆಯ್ಕೆನಾ ಅನ್ನೋ ಜಗಳ ಇವತ್ತಿಗೂ ಮುಗೀದೇ ಇರೋದು, ಇಂಥ ಹಿನ್ನೆಲೆ ಗೊತ್ತಿಲ್ದೆ ಹೋದ್ರೆ 'ಇದನ್ನ ನಾನೂ ಮಾಡ್ತೀನಿ ಬಿಡ್ರಿ' ಅಂತ ಜನ ಹೊರಟುಬಿಡ್ತಾರೆ, ಅವರದ್ದೂ ತಪ್ಪಿಲ್ಲ.

ಪ್ರತಿ ಕೃತಿ ಪಕ್ಕ ದೊಡ್ಡ ಅಕ್ಷರದಲ್ಲಿ ನಾಲ್ಕು ಸಾಲು, ಆಡುಮಾತಲ್ಲಿ, ಎಲ್ಲಿ ನಿಂತು ಏನು ನೋಡ್ಬೇಕು ಅಂತ ಮ್ಯೂಸಿಯಂನವರು ಬರೆಸಲಿ. ಬರೆಯೋ ಮುಂಚೆ ಆ ಗಾರ್ಡ್‌ಗಳನ್ನ ಒಂದು ಮಾತು ಕೇಳಲಿ.

– ಒಬ್ಬ ಓದುಗ